ಗುಡ್ಡದಾಚೆಯ ಚುಕ್ಕೆ

ಗಂಡನ ಹೆಣದ ಕಾಲಿನ ಮೇಲಿಂದ ಸರಿದಿದ್ದ ಬಿಳಿ ಬಟ್ಟೆಯನ್ನು ಎಳೆದು ಸರಿಮಾಡುತ್ತಿದ್ದ ಹೆಂಡತಿಯ ಕೈ ಅರ್ಧಕ್ಕೇ ನಿಂತಿತು. ಬಾಗಿಲ ಬಳಿ ಬಿಕ್ಕುತ್ತಿದ್ದ ಹೆಂಗಸನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

"ಯಾರೇ ಅದು?" ಎಂದು ತಂಗಿಯ ಕಿವಿಯಲ್ಲಿ ಕೇಳಿದಳು.

"ಗುಡ್ಡದಾಚೆ ಊರಿನವಳಂತೆ ಕಣೇ ಅಕ್ಕ. ಭಾವ ಹೋದಾಗೆಲ್ಲ ಇವಳ ಮನೇಲೇ ಉಳ್ಕೋತಿದ್ರಂತೆ."

ಇಷ್ಟು ವರ್ಷ ಒಳಗೊಳಗೇ ಹೊಗೆಯಾಡುತ್ತಿದ್ದ ಅನುಮಾನ ಈಗ ಕೈಕಾಲು ಮೂಡಿಸಿಕೊಂಡು ಮನೆಬಾಗಿಲಿಗೇ ಬಂದಿತ್ತು.

*

ಗಂಡ ವಸ್ತುಸಂಗ್ರಹಾಲಯಕ್ಕಾಗಿ ನಾಡಿನಲ್ಲಿ ಯಾವ ಬಾವಲಿ ಎಲ್ಲೆಲ್ಲಿದೆ ಎಂಬ ನಕಾಶೆ ಬರೆಯುತ್ತಿದ್ದ. ಕೈಗೆ ಸಿಕ್ಕ ಬಾವಲಿಗೆ ಮಾತ್ರ ಚುಕ್ಕೆ, ಯಾರೋ ಹೇಳಿದ್ದಕ್ಕೆಲ್ಲ ಇಲ್ಲ. ಅದು ಅವನ ಕಟ್ಟುನಿಟ್ಟು. ಹಳದಿ ಕತ್ತಿನ ಬಾವಲಿಯ ಚುಕ್ಕೆಗಳೆಲ್ಲ ಕಡಲಂಚಿನ ಗುಹೆಗಳ ಉದ್ದಕ್ಕೂ ಇದ್ದವು. ಒಂದೇ ಒಂದು ಮಾತ್ರ ದೂರ, ಗುಡ್ಡದಾಚೆಯ ಒಣನಾಡಿನಲ್ಲಿ. ಅದನ್ನು ಹುಡುಕಿಕೊಂಡು ಪ್ರತಿ ಬೇಸಿಗೆಯಲ್ಲೂ ಪೆಟ್ಟಿಗೆ ಕಟ್ಟುತ್ತಿದ್ದ.

"ಕಡಲು ಬಿಟ್ಟು ಅಲ್ಲಿಗ್ಯಾಕ್ರೀ ಹೋಯ್ತು ಅದು?" ಎಂದು ಒಮ್ಮೆ ಕೇಳಿದ್ದಳು.

"ನೀನೊಬ್ಳು! ರೆಕ್ಕೆ ಇರೋದಕ್ಕೆ ಬೇಲಿ ಹಾಕೋಕಾಗುತ್ತಾ?" ಎಂದು ನಕ್ಕಿದ್ದ. ಹಾಗಾದರೆ ನಾನೂ ಬರುತ್ತೇನೆ ಎಂದರೆ ಮಾತ್ರ ಅಲ್ಲಿನ ಬಿಸಿಲಿನ ಪುರಾಣ ತೆಗೆಯುತ್ತಿದ್ದ, ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳನ ಹಾಗೆ.

*

ಹೆಂಡತಿ ಎದ್ದು ಆ ಹೆಂಗಸನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ನಿಮ್ಮೂರಲ್ಲಿ ಆ ಬಾವಲಿ ಇದ್ಯಾ? ನಿಜ ಹೇಳು."

"ಒಂದೇ ಒಂದ್ಸಲ ಸಿಕ್ಕಿತ್ತು ಅಕ್ಕ. ನಮ್ಮ ಹಣ್ಣಿನ ಮಂಡಿಗೆ ಕಡಲ ಕಡೆಯಿಂದ ಬಂದ ಲಾರೀಲಿ, ಬಾಳೆಗೊನೆಗೆ ಜೋತ್ಕೊಂಡು ಬಂದಿತ್ತು. ನಮ್ಮೂರದ್ದೇ ಅಂದ್ಕೊಂಡು ಅವರು ಚುಕ್ಕೆ ಇಟ್ಬಿಟ್ರು. ಆಮೇಲೆ ಲಾರಿ ವಿಷಯ ನಾನೇ ಹೇಳ್ದೆ."

"ಆಮೇಲಾದ್ರೂ ಅಳಿಸಬೇಕಿತ್ತಲ್ಲ?"

ಹೆಂಗಸು ತಲೆಯೆತ್ತಲಿಲ್ಲ. "ಅಳಿಸಿದ್ರೆ ಬರೋಕೆ ನೆಪ ಇರ್ತಿರ್ಲಿಲ್ಲ."

ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಅಷ್ಟರಲ್ಲಿ ಸಂಗ್ರಹಾಲಯದ ಮೇಲಧಿಕಾರಿ ಬಾಗಿಲು ತಟ್ಟಿ ಇಣುಕಿದ.

"ಅಮ್ಮಾ, ಈ ಹೊತ್ತಲ್ಲಿ ಕೇಳಬಾರದು. ನಾಳೆ ನಕಾಶೆ ಅಚ್ಚಿಗೆ ಹೋಗುತ್ತೆ. ಗುಡ್ಡದಾಚೆ ಆ ಊರಲ್ಲಿ ನಮ್ಮವರು ಎಷ್ಟು ಜಾಲಾಡಿದ್ರೂ ಒಂದು ಬಾವಲೀನೂ ಸಿಗಲಿಲ್ಲ. ನಿಮ್ಮ ಯಜಮಾನ್ರು ಬೇಕಂತಲೇ ಸುಳ್ಳು ಚುಕ್ಕೆ ಇಟ್ರು ಅಂತ ಆಫೀಸಲ್ಲೆಲ್ಲ ಗುಸುಗುಸು. ನಿಮಗೇನಾದ್ರೂ ಗೊತ್ತಾ?"

ನಿಜ ಹೇಳಿದರೆ ಸತ್ತವನ ಮಾನ ಮೂರು ಕಾಸಿಗೆ ಹರಾಜು. ಅವನಿಟ್ಟ ಅಷ್ಟೂ ಚುಕ್ಕೆಗಳನ್ನು ಇನ್ನು ಯಾರೂ ನಂಬುವುದಿಲ್ಲ. ಅವನ ಮೇಲೆ ಅವಳಿಗೆ ಹೇಳಲಾರದಷ್ಟು ಸಿಟ್ಟಿತ್ತು. ಆದರೂ ಅವನು ಎದ್ದು ಬರಬಾರದೇ ಎಂದೂ ಅನ್ನಿಸುತ್ತಿತ್ತು.

"ನಾನೇ ಕಣ್ಣಾರೆ ನೋಡಿದೀನಿ," ಎಂದಳು. "ಅವರ ಜೊತೆ ನಾನೂ ಹೋಗಿದ್ದೆ. ಇವಳ ಮನೆ ಅಟ್ಟದಲ್ಲೇ ಇತ್ತು. ಬೇಕಾದ್ರೆ ಕೇಳಿ ನೋಡಿ."

ಅಧಿಕಾರಿ ಇಬ್ಬರನ್ನೂ ಅನುಮಾನದಿಂದ ನೋಡಿದ. ಹೆಂಗಸು ಹೌದೆಂದು ತಲೆಯಾಡಿಸಿದಳು.

ಹೆಣದ ವ್ಯಾನು ಬಂತು. ಒಳಗಿನ ಬೆಂಚಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ಮೊದಲು ಹತ್ತಿ ಕೂತ ಹೆಂಡತಿ, ಹಿಂದೆಯೇ ಹತ್ತಲು ಬಂದ ತಂಗಿಗೆ, "ನೀನು ಹಿಂದಿನ ಕಾರಲ್ಲಿ ಬಾರೇ," ಎಂದಳು. ಆಮೇಲೆ, ರಸ್ತೆಯಂಚಿನಲ್ಲಿ ನಿಂತಿದ್ದ ಹೆಂಗಸಿನ ಕಡೆ ತಿರುಗಿಯೂ ನೋಡದೆ, ಬೆಂಚಿನ ಒಂದು ತುದಿಗೆ ಸರಿದು ಕೂತಳು.