ಜನವರಿಯ ಆಟವನ್ನು ಯಾರು ಹೇಳುವುದು

ಸಟ್ಟುಗ ಯಾರ ಕೈಗೆ ಬರುತ್ತದೋ ಅವರು ಮುಂದಿನ ಆಟವನ್ನು ಹೇಳಬೇಕು. ನಮ್ಮ ಚರ್ಚಿನ ಹಿತ್ತಲಲ್ಲಿ ಇದು ಎಂದಿನಿಂದಲೋ ನಡೆದು ಬಂದದ್ದು.

ಆಗಸ್ಟಿನ ಕೊನೆಯ ಭಾನುವಾರ ಊರಿಗೆಲ್ಲ ಅಲ್ಲಿ ಬೂಯಾ ಬೇಯುತ್ತದೆ. ಕೋಳಿ, ದನದ ಮೂಳೆ, ಆಲೂಗಡ್ಡೆ, ಕೋಸು, ಕ್ಯಾರೆಟ್ಟು ಎಲ್ಲ ಒಂದರೊಳಗೊಂದು ಕರಗುವವರೆಗೆ ಕಾಯುವ ಸಾರು ಅದು. ಕೊಪ್ಪರಿಗೆ ಎಷ್ಟು ದೊಡ್ಡದೆಂದರೆ ಬೆಳಗಿನ ಪೂಜೆಗೆ ಮುಂಚೆಯೇ ಬೆಂಕಿ ಹಾಕಬೇಕು. ತಳ ಹಿಡಿಯದಂತೆ ಯಾರಾದರೊಬ್ಬರು ತಿರುವುತ್ತಲೇ ಇರಬೇಕು. ಸಟ್ಟುಗವೂ ಹಾಗೆಯೇ, ದೋಣಿಯ ಹುಟ್ಟಿನಷ್ಟು ಉದ್ದ. ತೋಳು ಸೋತಾಗ ಪಕ್ಕದವರಿಗೆ ದಾಟಿಸುವುದು. ಆದರೆ ದಾಟಿಸುವ ಮೊದಲು, ಕೈಯಲ್ಲಿ ಎಸೆದು ಓಡುವ ಅಮೆರಿಕನ್ ಫುಟ್‌ಬಾಲಿನ ನಮ್ಮ ಗ್ರೀನ್ ಬೇ ತಂಡ ಆ ಸೀಸನ್ನಿನಲ್ಲಿ ಆಡಲಿರುವ ಆಟಗಳಲ್ಲಿ ಸರದಿಗೆ ಬಂದ ಒಂದನ್ನು ಹೇಳಿಯೇ ದಾಟಿಸಬೇಕು. ಗೆಲುವೋ ಸೋಲೋ, ಎಷ್ಟು ಅಂತರ, ಯಾಕೆ.

ಹೇಳಿದವರು ಆ ಆಟದ ದಿನ ನಮ್ಮ ಗೆಳೆಯ ಎಮರಿ ಜಾಡಿನನ ಶೆಡ್ಡಿಗೆ ಬಂದು, ಟೀವಿ ಮುಂದೆ ಕೂತು, ತಮ್ಮ ಮಾತಿಗೆ ತಾವೇ ಜವಾಬು ಕೊಡಬೇಕು. ಮಾತು ಸರಿಯಾದರೆ ಮೊದಲ ತಟ್ಟೆ ಅವರಿಗೆ. ತಪ್ಪಾದರೆ ಎಲ್ಲರ ಬಾಯಿಂದ ಬೈಗುಳ. ಬಾರದೇ ಇರುವುದೆಂಬುದು ಮಾತ್ರ ಇಲ್ಲ. ಮುರಿದ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದವರಿದ್ದಾರೆ. ಮಗಳ ಮದುವೆಯ ಊಟದ ನಡುವೆ ಎದ್ದು ಬಂದವರೂ ಇದ್ದಾರೆ.

ಕೊನೆಯ ಆಟ ಯಾವಾಗಲೂ ನನ್ನ ಗಂಡ ನೋರ್ಬರ್ಟನದು. ಬೆಂಕಿ ಹಾಕುವವನು ಅವನು, ಆದ್ದರಿಂದ ಕೊನೆಯ ಸರದಿ ಅವನಿಗೆ.

ಆ ವರ್ಷ ಜುಲೈಯಲ್ಲಿ ಡಾಕ್ಟರು ಅವನ ಹೃದಯದ ಕವಾಟವೊಂದು ಕೆಟ್ಟಿದೆ ಎಂದಿದ್ದರು. ಎಲೆ ಉದುರುವ ಮೊದಲು ಆಪರೇಷನ್ ಆಗಬೇಕು, ಬಿಟ್ಟರೆ ಈ ಚಳಿಗಾಲ ದಾಟುವುದು ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಡಾಕ್ಟರಿಗಿಂತ ಮೊದಲೇ ನನಗೆ ಅನುಮಾನವಿತ್ತು. ನನ್ನ ಅಪ್ಪ ಹಾಲು ಕರೆಯುತ್ತ ನಮ್ಮ ಹಿರಿಯರು ಬೆಲ್ಜಿಯಮ್ಮಿನಿಂದ ತಂದ ವಲೂನ್ ಮಾತಿನಲ್ಲಿ ಪ್ರಾರ್ಥನೆಯ ಪದ್ಯಗಳನ್ನು ಹೇಳುತ್ತಿದ್ದರು. ಸಾಲು ಎಲ್ಲಿ ನಿಲ್ಲುತ್ತದೆ, ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ ಎಂದು ಕೇಳುತ್ತ ಬೆಳೆದವಳು ನಾನು. ನೋರ್ಬರ್ಟನ ಉಸಿರು ಮೆಟ್ಟಿಲ ಅರ್ಧದಲ್ಲೇ ಮುಗಿದುಹೋಗುವುದು ಆ ವಸಂತದಿಂದಲೂ ನನಗೆ ಕೇಳಿಸುತ್ತಿತ್ತು.

"ಯೋಚ್ನೆ ಮಾಡ್ತೀನಿ," ಎಂದಷ್ಟೇ ಅವನು ಡಾಕ್ಟರಿಗೆ ಹೇಳಿದ್ದ. ನಾನು ಕೇಳಿದಾಗಲೂ ಅದೇ ಮಾತು. ಅವನ ಅಣ್ಣ ಆಲ್ಫೋನ್ಸ್ ಇಂಥದೇ ಆಪರೇಷನ್ನಿಗೆಂದು ಮಲಗಿದವನು ಏಳಲಿಲ್ಲ. ಅದಾಗಿ ಬಹಳ ವರ್ಷವಾಗಿತ್ತು. ಆದರೂ ನಮ್ಮ ಮನೆಯಲ್ಲಿ ಆ ಮಾತು ಎತ್ತಿದ ಕೂಡಲೇ ನೋರ್ಬರ್ಟ್ ಎದ್ದು ಕೊಟ್ಟಿಗೆಯ ಕಡೆ ಹೋಗಿಬಿಡುತ್ತಿದ್ದ. ಹಸುಗಳನ್ನು ಮಾರಿ ಖಾಲಿಯಾದ ಕೊಟ್ಟಿಗೆ ಅದು.

"ಯಾರಿಗೂ ಹೇಳ್ಬೇಡ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. "ಎಮರಿಗೆ ಗೊತ್ತಾದ್ರೆ ಸಟ್ಟುಗ ಕಿತ್ಕೊಂಡು ಕುರ್ಚಿ ಹಾಕ್ತಾನೆ."

ಹೀಗಾಗಿ ಆ ಭಾನುವಾರ ಕೊಪ್ಪರಿಗೆಯ ಸುತ್ತ ನಿಂತವರಲ್ಲಿ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಮೇಜಿನ ಬಳಿ ಕೋಸು ಹೆಚ್ಚುತ್ತಿದ್ದೆ. ಎಮರಿ ನೋರ್ಬರ್ಟನ ಜೊತೆ ಚೀಸ್ ಕಾರ್ಖಾನೆಯಲ್ಲಿ ಆಯುಸ್ಸು ಕಳೆದವನು. ಯಂತ್ರಗಳ ಸದ್ದಿನಲ್ಲಿ ಕೂಗಿ ಕೂಗಿ ಅವನಿಗೆ ಕೂಗಿಯೇ ಮಾತಾಡುವುದು ರೂಢಿಯಾಗಿಬಿಟ್ಟಿತ್ತು.

"ಶುರು ಮಾಡು ಲೊರೇನ್," ಎಂದು ಅವನು ನಮ್ಮ ಪಕ್ಕದ ಮನೆಯ ಲೊರೇನ್ ಮಸಾರಳಿಗೆ ಸಟ್ಟುಗ ಕೊಟ್ಟ. "ಮೊದಲನೇ ಆಟ. ಡೆಟ್ರಾಯ್ಟ್ ನಮ್ಮ ಮೈದಾನಕ್ಕೆ ಬರುತ್ತೆ."

"ಗೆಲುವು."

"ಯಾಕೆ?"

"ನಮ್ಮೋರು ಅಂತ."

"ಅದು ಕಾರಣ ಅಲ್ಲ ಕಣೇ, ಜಪ."

"ಆ ಜಪದಲ್ಲೇ ಹೋದ ವರ್ಷ ನಿನಗಿಂತ ಜಾಸ್ತಿ ಸರಿ ಹೇಳಿದ್ದೆ. ಮರ್ತೋಯ್ತಾ, ಜ್ಞಾಪಿಸ್ಲಾ?"

ಎರಡನೆಯದು ಎಮರಿಯದು, ಡಲ್ಲಾಸಿನಲ್ಲಿ. "ಸೋಲು. ಹದಿನಾಲ್ಕು ಪಾಯಿಂಟು. ನಮ್ಮ ಎಡಗಡೆ ಕಾಯೋನು ಹೊಸಬ. ಟೀವೀಲಿ ನೋಡಿದ್ನಲ್ಲ, ಬಾಗಿಲು ತೆಗ್ದು, ಬನ್ನಿ ಒಳಗೆ, ಕಾಫಿ ಕುಡೀರಿ ಅನ್ನೋ ಹಾಗೆ ನಿಂತಿರ್ತಾನೆ."

"ಪಾಪ, ಇನ್ನೂ ಮಗು ಅವನು," ಎಂದಳು ಲೊರೇನ್.

"ನೂರೈವತ್ತು ಕಿಲೋ ಮಗು!"

ನೋರ್ಬರ್ಟ್ ನಕ್ಕ. ನಕ್ಕು ಸಟ್ಟುಗ ತೆಗೆದುಕೊಂಡ. ಫ್ಲಾರಿಡಾದ ಆಟ ಸೋಲುತ್ತೇವೆ, ಸೆಪ್ಟೆಂಬರಿನ ಮಧ್ಯಾಹ್ನದ ಬಿಸಿಲಿಗೆ ನಮ್ಮ ಹುಡುಗರು ಕೊನೆಯ ಹೊತ್ತಿಗೆ ಬೆಣ್ಣೆಯಾಗಿರುತ್ತಾರೆ ಎಂದ. ಯಾವಾಗಲೂ ಹೀಗೆಯೇ ಅವನು. ಆಸೆ ಬೇರೆ, ಹೇಳುವುದು ಬೇರೆ. ನಂಬದಿದ್ದುದನ್ನು ಬಾಯಿಗೆ ತಂದವನಲ್ಲ. ಅವನು ಗೆಲುವು ಎಂದರೆ ಎಮರಿಯೂ ಎದುರು ಹೇಳಲು ಹಿಂಜರಿಯುತ್ತಿದ್ದ.

ಸಾರು ಕುದಿಯಿತು, ಸಟ್ಟುಗ ಸುತ್ತಿತು. ಅಕ್ಟೋಬರಿನ ಆಟಗಳನ್ನು ಹೇಳಿದ್ದಾಯಿತು, ಮಿನೆಸೋಟದವರನ್ನು ಎರಡು ಸಲ ಬೈದದ್ದಾಯಿತು. ಚೆಂಡು ಒದೆಯಲು ತಂದಿರುವ ಹೊಸ ಹುಡುಗನಿಗೆ ನಮ್ಮ ಗಾಳಿ ತಿಳಿಯದೆಂದು ಒಬ್ಬರು, ಯಾವ ಗಾಳಿಗೂ ಅವನ ಕಾಲು ಜಗ್ಗದೆಂದು ಇನ್ನೊಬ್ಬರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಟಕ್ಕೆ ಲೊರೇನ್ ಮತ್ತೆ "ಗೆಲುವು" ಎಂದಳು. ಡಿಸೆಂಬರಿನ ಆಟಗಳನ್ನು ಬೇರೆಯವರು ಹೇಳಿ ಮುಗಿಸಿದರು. ಜನವರಿಯ ಮೊದಲ ಭಾನುವಾರದ್ದೊಂದು ಉಳಿಯಿತು. ಶಿಕಾಗೋ, ನಮ್ಮ ಮೈದಾನದಲ್ಲಿ.

ಸಟ್ಟುಗ ನೋರ್ಬರ್ಟನ ಕೈಗೆ ಬಂತು. ಅವನು ತಿರುವಿದ. ಒಂದು ಸುತ್ತು, ಇನ್ನೊಂದು ಸುತ್ತು. ಎಲ್ಲರೂ ಕಾದರು. ಅವನು ತಿರುವುತ್ತಲೇ ಇದ್ದ. ಆಮೇಲೆ ಸಟ್ಟುಗವನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿ, "ಈ ಸಲ ಕೊನೇದು ಬೇರೆ ಯಾರಾದ್ರೂ ಹೇಳಿ," ಎಂದ.

"ಏನೋ ಇದು?" ಎಮರಿ ಕೂಗಿದ. "ಶಿಕಾಗೋ ಕಂಡ್ರೆ ನಡುಕಾನಾ? ವಯಸ್ಸಾಯ್ತಾ?"

"ಆಯ್ತು ಅಂತಿಟ್ಕೋ."

"ಹೇಳೋ ಮಾರಾಯ! ಗೆಲುವು ಅನ್ನು, ಸೋಲು ಅನ್ನು, ಏನೋ ಒಂದು ಅನ್ನು. ಬಂದು ಕೂರೋದು ತಾನೇ ನಿನ್ನ ಕೆಲ್ಸ?"

ನೋರ್ಬರ್ಟ್ ಬೆಂಕಿಯೊಳಗಿನ ಕೊರಡೊಂದನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ.

ನನ್ನ ಕೈಯಲ್ಲಿ ಚಾಕು ನಿಂತುಹೋಯಿತು. ಡಾಕ್ಟರಿಗೆ ಕೊಡದಿದ್ದ ಉತ್ತರವನ್ನು, ನನಗೂ ಕೊಡದಿದ್ದ ಉತ್ತರವನ್ನು ಅವನು ಈಗ ಕೊಟ್ಟುಬಿಟ್ಟಿದ್ದ. ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ. ಜನವರಿಗೆ ತಾನು ಇರುವುದಿಲ್ಲ. ಬರಲಾಗದ ಆಟಕ್ಕೆ ಮಾತು ಕೊಡುವುದು ಅವನಿಂದಾಗದು, ಅಷ್ಟೇ.

ನಾನು ಮುಂಗೈಗೆ ಅಂಟಿದ ಕೋಸಿನ ಚೂರುಗಳನ್ನೂ ಒರೆಸಿಕೊಳ್ಳದೆ ಹೋಗಿ ಸಟ್ಟುಗ ಹಿಡಿದೆ.

"ನಾನು ಹೇಳ್ತೀನಿ."

ಎಮರಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ಅಡೆಲ್? ನೀನಾ?"

ಮದುವೆಯಾಗಿ ಬಂದಾಗಿನಿಂದ ನಾನು ಒಂದು ಆಟವನ್ನೂ ಹೇಳಿದವಳಲ್ಲ. ಯೋಚಿಸಿ ಹೋಗಿರಲಿಲ್ಲ. ಏನು ಹೇಳಬೇಕೆಂದೂ ತಿಳಿದಿರಲಿಲ್ಲ. ಮನಸ್ಸಿನಲ್ಲಿ ಇದ್ದದ್ದೇ ಬಾಯಿಗೆ ಬಂತು.

"ಸೋಲು," ಎಂದೆ.

"ಯಾಕೆ?"

"ಯಾಕೆ ಅಂದ್ರೆ... ಶಿಕಾಗೋದಲ್ಲಿ ಚೆಂಡು ಎಸೀತಾನಲ್ಲ, ಆ ಹಾಲ್ಡರ್ನೆಸ್. ಅವನ ತೋಳು ಜೋರು."

ಎಮರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಲ್ಡರ್ನೆಸ್ ಆಟ ಬಿಟ್ಟು ಎಷ್ಟು ಕಾಲ ಆಯ್ತು ಕಣೇ! ಈಗ ಟೀವೀಲಿ ಹಾಸಿಗೆ ಮಾರ್ತಾನೆ! ಮೊಣಕಾಲಿಗೆ ದಿಂಬು ಇಟ್ಕೊಂಡು!"

ಎಲ್ಲರೂ ನಕ್ಕರು. ಲೊರೇನ್ ಕೂಡ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕಿವಿ ಬಿಸಿಯಾಯಿತು. ಅಷ್ಟೂ ವರ್ಷ ಭಾನುವಾರಗಳಂದು ನೋರ್ಬರ್ಟನ ಪಕ್ಕದಲ್ಲೇ ಹೆಣಿಗೆ ಹಿಡಿದು ಕೂತಿದ್ದೆ, ನಿಜ. ಆದರೆ ಪರದೆಯನ್ನು ನಾನು ನೋಡುತ್ತಿದ್ದುದು ಕಡಿಮೆ. ಏನಾಯಿತೆಂಬುದನ್ನು ಅವನ ಮುಖದಲ್ಲಿ ನೋಡುತ್ತಿದ್ದೆ.

"ಇರ್ಲಿ, ಇರ್ಲಿ," ಎಂದು ಎಮರಿ ಕಣ್ಣೊರೆಸಿಕೊಂಡ. "ಹೇಳಿದ್ದು ಹೇಳಿದ್ದೇ. ಜನವರಿಲಿ ನನ್ನ ಶೆಡ್ಡಿಗೆ ಒಬ್ಬಳೇ ಬಂದು ಕೂತು ಬೈಸಿಕೋ."

ಬೆಂಕಿಯ ಕಡೆ ತಿರುಗಿದ್ದ ನೋರ್ಬರ್ಟ್ ಇತ್ತ ನೋಡಿದ.

"ಒಬ್ಬಳೇ ಯಾಕೆ ಕೂರ್ತಾಳೆ?"

"ನೀನು ಆಟ ಹೇಳ್ಲಿಲ್ವಲ್ಲಪ್ಪ. ಹೇಳದವನಿಗೆ ನಾನೇನು ಕುರ್ಚಿ ಹಾಕ್ಲಾ?"

ಎಮರಿ ತಮಾಷೆಗೆ ಅಂದದ್ದು. ನೋರ್ಬರ್ಟ್ ನಗಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. ನಾನು ಆ ಶೆಡ್ಡಿನಲ್ಲಿ ಕೋಟು ತೊಟ್ಟು, ಪಕ್ಕದ ಕುರ್ಚಿ ಖಾಲಿಯಾಗಿ, ಅರ್ಥವಾಗದ ಆಟದ ಮುಂದೆ ಕೂತಿರುವುದು ಆಗಲೇ ಅವನ ಕಣ್ಣ ಮುಂದೆ ಇದ್ದಂತಿತ್ತು. ಕೊಪ್ಪರಿಗೆಯನ್ನು ಬಳಸಿಕೊಂಡು ನಿಧಾನವಾಗಿ ಬಂದ. ಬಂದವನಿಗೆ ಏದುಸಿರು. ನನ್ನ ಕೈಗಳ ಮೇಲುಗಡೆ ಸಟ್ಟುಗವನ್ನು ಹಿಡಿದ.

"ಗೆಲುವು," ಎಂದ.

"ಒಂದು ಆಟಕ್ಕೆ ಎರಡು ಬಾಯಿ ಇಲ್ಲ!" ಎಮರಿ ಕೂಗಿದ.

"ಸುಮ್ನಿರೋ," ಎಂದಳು ಲೊರೇನ್. "ಗಂಡ ಹೆಂಡ್ತಿ ಒಂದೇ ಸಟ್ಟುಗ ಹಿಡಿದಿರೋದು ಕಾಣಲ್ವಾ?"

ನೋರ್ಬರ್ಟ್ ನನಗೊಬ್ಬಳಿಗೇ ಹೇಳುವವನಂತೆ ಹೇಳಿದ. "ಅವರಲ್ಲಿ ಚೆಂಡು ಎಸೆಯೋ ಹೊಸ ಹುಡುಗ ಕ್ಯಾಲಿಫೋರ್ನಿಯಾದವನು, ಅಡೆಲ್. ಬೆರಳು ಮರಗಟ್ಟೋ ಚಳೀಲಿ ಚೆಂಡು ಹಿಡಿದವನೇ ಅಲ್ಲ. ಆವತ್ತು ಕೊಲ್ಲಿ ಕಡೆಯಿಂದ ಗಾಳಿ ಬರುತ್ತೆ. ಮೊದಲರ್ಧ ಅವರೇ ಮುಂದೆ ಇರ್ತಾರೆ, ನೀನು ಹೆದರ್ಕೋಬೇಡ. ನಮ್ಮೋರು ಎಸೆಯೋದು ಬಿಟ್ಟು ಓಡೋಕೆ ಶುರು ಮಾಡ್ತಾರೆ. ನಮ್ಮ ಒದೆಯೋ ಹುಡುಗ ಒಂದು ತಪ್ಪಿಸ್ತಾನೆ. ಕೊನೇದು ತಪ್ಪಿಸಲ್ಲ. ಮೂರು ಪಾಯಿಂಟು."

"ಹೇಳಿದೆಯಲ್ಲ," ಎಂದೆ. "ಹೇಳಿದ ಮೇಲೆ ಬಂದು ಕೂರಬೇಕು."

ಸಾರು ಕೆಳಗಿನಿಂದ ಬುಳಬುಳ ಎಂದಿತು. ಅವನು ಒಂದು ಸುತ್ತು ತಿರುವಿದ, ನನ್ನ ಕೈಗಳೂ ಅದರ ಜೊತೆ ಸುತ್ತಿದವು.

"ಕೂರ್ತೀನಿ," ಎಂದ.

ಆಮೇಲೆ ಎಮರಿಗೆ ವಿಷಯವನ್ನು ಅವನೇ ಹೇಳಿದ, ಎರಡೇ ಮಾತಿನಲ್ಲಿ. ಎಮರಿ ಟೊಪ್ಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. "ಶೆಡ್ಡಿಗೆ ಹೀಟರ್ ಹಾಕಿಸ್ತೀನಿ," ಎಂದ ಕೊನೆಗೆ. ನಾವೆಲ್ಲ ಹಲ್ಲು ಕಟಕಟಿಸುತ್ತ ಎಷ್ಟು ಕಾಡಿದರೂ ಹಾಕಿಸದವನು.

ಮನೆಗೆ ಹಿಂತಿರುಗುವಾಗ ನೋರ್ಬರ್ಟ್ ರಸ್ತೆ ಬದಿಯ ಚಿಕ್ಕ ಪ್ರಾರ್ಥನಾ ಗೂಡಿನ ಬಳಿ ಗಾಡಿ ನಿಲ್ಲಿಸಿದ. ನಮ್ಮ ಕಡೆ ಹೊಲದ ಅಂಚಿಗೆಲ್ಲ ಅಂಥವಿವೆ, ನಾಲ್ಕು ಜನ ನಿಂತರೆ ತುಂಬುವಂಥವು. ನಾವು ಇಳಿಯಲಿಲ್ಲ. ಎರಡೂ ಬದಿಗೆ ಮೆಕ್ಕೆಜೋಳದ ಬೆಳೆ ಆಳೆತ್ತರ ನಿಂತಿತ್ತು. ಅವನು ಎಂಜಿನ್ ಆರಿಸಿ ಸ್ಟಿಯರಿಂಗನ್ನು ಹಿಡಿದೇ ಕೂತ.

"ಆಲ್ಫೋನ್ಸ್ ಆಪರೇಷನ್ನಿನ ಹಿಂದಿನ ದಿನ ನನ್ನ ಹತ್ರ ಕೇಳಿದ್ದ," ಎಂದ. "ಏನಾಗುತ್ತೆ ಹೇಳೋ ಅಂತ. ಯಾವ ಆಟ ಆದ್ರೂ ಸರಿಯಾಗಿ ಹೇಳ್ತೀಯಲ್ಲ, ಇದನ್ನೂ ಹೇಳು ಅಂದ. ಏನೂ ಆಗಲ್ಲ, ಭಾನುವಾರದ ಹೊತ್ತಿಗೆ ಮನೇಲಿರ್ತೀಯ ಅಂದೆ."

ಇಷ್ಟು ವರ್ಷದಲ್ಲಿ ಈ ಮಾತನ್ನು ನಾನು ಕೇಳಿರಲಿಲ್ಲ.

"ಅವನು ನಂಬಿದ, ಅಡೆಲ್. ನಗ್ತಾ ಒಳಗೆ ಹೋದ."

"ಹೆದರ್ತಾ ಹೋಗೋದಕ್ಕಿಂತ ನಗ್ತಾ ಹೋದ್ನಲ್ಲ."

ಜೋಳದ ಎಲೆಗಳು ಒಂದಕ್ಕೊಂದು ಉಜ್ಜುತ್ತಿದ್ದವು. ನಾನು ಮನಸ್ಸಿನಲ್ಲೇ ಅಪ್ಪನ ಪದ್ಯವೊಂದನ್ನು ಹೇಳಿಕೊಂಡೆ. ಅದರಲ್ಲಿ ದೇವರನ್ನು ಏನನ್ನೂ ಕೇಳುವುದಿಲ್ಲ, ಹತ್ತಿರ ಇರು ಎಂದಷ್ಟೇ ಇದೆ.

"ನೀನೂ ಹೇಳ್ತೀಯಾ ನಂಗೆ," ಎಂದು ಕೇಳಿದ, "ಏನೂ ಆಗಲ್ಲ ಅಂತ?"

"ಇಲ್ಲ," ಎಂದೆ. "ನಂಗೆ ಗೊತ್ತಿಲ್ಲ. ನೀನು ಹೊರಗೆ ಬರೋವರ್ಗೂ ಬಾಗಿಲ ಹತ್ರ ಕೂತಿರ್ತೀನಿ. ಅದು ಮಾತ್ರ ಗೊತ್ತು."

ಅವನು ತಲೆಯಾಡಿಸಿದ. ಆ ತಲೆಯಾಟ ನನಗೆ ಗೊತ್ತು. ಯಾರಾದರೂ ಸರಿಯಾದ ಕಾರಣ ಕೊಟ್ಟು ಆಟ ಹೇಳಿದಾಗ ಹಾಗೆ ಮಾಡುತ್ತಾನೆ.

ಸೋಮವಾರ ಬೆಳಿಗ್ಗೆ ಫೋನು ಅವನೇ ಮಾಡಿದ. ನಾನು ಒಲೆಯ ಮುಂದೆ ಮೊಟ್ಟೆ ಹುರಿಯುತ್ತಿದ್ದೆ. ಆಸ್ಪತ್ರೆಯ ನರ್ಸಿನ ದನಿ ಫೋನಿನಿಂದ ನನ್ನವರೆಗೂ ಕೇಳಿಸುತ್ತಿತ್ತು.

"ಮಿಸ್ಟರ್ ಡೆಲ್ವಿಶ್, ಡಾಕ್ಟರು ನಿಮ್ಮ ಫೋನಿಗೇ ಕಾಯ್ತಾ ಇದ್ರು. ಸೆಪ್ಟೆಂಬರ್ ಎರಡನೇ ವಾರ ಆಗಬಹುದಾ?"

"ಆಗಬಹುದು. ಒಂದು ವಿಷಯ ಕೇಳ್ಬೇಕಿತ್ತು."

"ಕೇಳಿ."

"ಜನವರಿ ಹೊತ್ತಿಗೆ ಜೋರಾಗಿ ಕೂಗಬಹುದಾ?"

"ಕೂಗೋದಾ? ಯಾರ ಮೇಲೆ?"

"ಶಿಕಾಗೋದವರ ಮೇಲೆ."

"ಹಾಗಾದ್ರೆ ಎರಡನೇ ವಾರ ಬೇಡ," ಎಂದಳು ಆ ಹುಡುಗಿ, ನಗು ತಡೆದುಕೊಂಡು. "ಮೊದಲನೇ ವಾರಕ್ಕೇ ಜಾಗ ಮಾಡ್ತೀನಿ. ಚೇತರಿಸ್ಕೊಳ್ಳೋಕೆ ಟೈಮ್ ಬೇಕಲ್ವಾ ನಿಮಗೆ?"

ನೋರ್ಬರ್ಟ್ ಫೋನು ಇಟ್ಟ. ನಾನು ಒಲೆ ಸಣ್ಣ ಮಾಡಿ ಬಂದು ಅವನ ಕೈಯನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಮೊಟ್ಟೆ ತುಸು ಸೀದಿತು. ಇಬ್ಬರೂ ತಿಂದೆವು.