ಬೆಳಕು ಹೊಂದಿಸುವವರೆಗೆ

ಇಷ್ಟು ದೊಡ್ಡ ನಟರೊಬ್ಬರ ಸಾವಿನ ದಿನದ ಕತೆ ಹೇಳುವ ಯೋಗ್ಯತೆ ಈ ಕೈಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಅವರನ್ನು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಎಲ್ಲಾದರೂ ತಪ್ಪಿದ್ದರೆ ಅವರು ಮನ್ನಿಸಬೇಕು. ಆದರೆ ಆ ಬೆಳಿಗ್ಗೆ ಅವರ ಮನೆಯ ಹಜಾರದಲ್ಲಿ ನಡೆದದ್ದನ್ನು ಯಾರೂ ಹೇಳಿದಂತಿಲ್ಲ. ಅದಕ್ಕಾಗಿ ಈ ಧೈರ್ಯ.

"ಇನ್ನೊಂಚೂರು ಮೇಲೆ ಸರಿಯೋ," ಎಂದ ಮೋಡಣ್ಣ. "ತಲೆ ದಿಂಬಿನ ಮಧ್ಯಕ್ಕೆ ಬರಲಿ."

ಕಂಬ ಸರಿದ. ಬಿಳಿ ಹಾಸು ಹೊದಿಸಿದ ದಪ್ಪ ಹತ್ತಿಯ ಹಾಸಿಗೆಯ ಮೇಲೆ, ಎದೆಯ ಮೇಲೆ ಕೈ ಜೋಡಿಸಿಕೊಂಡು, ಕಣ್ಣು ಮುಚ್ಚಿ ಮಲಗಿದ್ದ. ಸುತ್ತ ಹೂವಿನ ಬುಟ್ಟಿಗಳು. ಕಾಲ ಬಳಿ ಒಂದು ದೀಪ, ತಲೆಯ ಬಳಿ ಇನ್ನೊಂದು.

ಇಬ್ಬರೂ ಯೋಚಿಸಿ ಮಾಡಿದ ಕೆಲಸವಲ್ಲ ಅದು. ಮೋಡಣ್ಣ ಕ್ಯಾಮೆರಾದವನು. ಹೊರಾಂಗಣ ಚಿತ್ರೀಕರಣ ಇದ್ದಾಗಲೆಲ್ಲ ಆಕಾಶ ನೋಡಿ, ಮೋಡ ಬರ್ತಿದೆ ತಾಳಿ ಎಂದು ಎಲ್ಲರನ್ನೂ ಕೂರಿಸುತ್ತಿದ್ದುದರಿಂದ ಆ ಹೆಸರು. ಕಂಬ ಎಂದರೆ ಹೀರೋ ಬದಲು ನಿಲ್ಲುವವನು. ದೀಪ ಹೊಂದಿಸುವುದು ಗಂಟೆಗಟ್ಟಲೆಯ ಕೆಲಸ. ಅಷ್ಟು ಹೊತ್ತು ಹೀರೋನನ್ನು ನಿಲ್ಲಿಸಲಾಗುವುದಿಲ್ಲ. ಅದೇ ಎತ್ತರದ, ಅದೇ ಭುಜದಗಲದ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ. ಎಲ್ಲ ಸರಿಯಾದ ಮೇಲೆ ಅವನು ಪಕ್ಕಕ್ಕೆ ಸರಿಯುತ್ತಾನೆ, ಹೀರೋ ಬಂದು ನಿಲ್ಲುತ್ತಾನೆ. ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಈ ಹೀರೋನ ಜಾಗದಲ್ಲಿ ಕಂಬನೇ ನಿಂತದ್ದು.

ಕಾಯಿಲೆ ಹೀರೋನ ಮುಖವನ್ನು ಹಿಂಡಿಬಿಟ್ಟಿತ್ತು. ಇಡೀ ದೇಶ ಟೀವಿಯಲ್ಲಿ ನೋಡುವಾಗ ಆ ಮುಖದ ಮೇಲೆ ಕೆಟ್ಟ ಬೆಳಕು ಬೀಳಬಾರದು, ಕೊನೆಯ ದೀಪ ನನ್ನದೇ ಇರಲಿ ಎಂದು ಮೋಡಣ್ಣ ಹಟ ಹಿಡಿದಿದ್ದ. ಆಸ್ಪತ್ರೆಯಿಂದ ವ್ಯಾನು ಹೊರಡುವ ಮೊದಲೇ ಬಂದು ದೀಪ ನಿಲ್ಲಿಸಿದ. ಕಿಟಕಿಯ ಬೆಳಕೂ ಬೇಕೆಂದು ದೊಡ್ಡ ಗಾಜಿನ ಕಿಟಕಿಯ ಪರದೆ ಸರಿಸಿದ. ಆಮೇಲೆ, ಬದುಕಿಡೀ ಕರೆದ ಹಾಗೆ, ಬಾರಪ್ಪ ಕಂಬ ಎಂದು ಕರೆದ. ಕಂಬ ಬದುಕಿಡೀ ಹೋದ ಹಾಗೆ ಹೋಗಿ ಮಲಗಿದ.

ಮಲಗಿದ ಮೇಲೆ ಇಬ್ಬರಿಗೂ ಅದು ಯಾರ ಹಾಸಿಗೆ ಎಂಬುದು ಹೊಳೆಯಿತು. ಮೋಡಣ್ಣನ ಕೈ ದೀಪದ ಮೇಲೆಯೇ ನಿಂತಿತು.

"ಥೂ, ಏನು ಮಾಡ್ತಾ ಇದೀವೋ ನಾವು?"

"ಮಾಡಿದ್ದಾಯ್ತಲ್ಲ," ಎಂದ ಕಂಬ ಕಣ್ಣು ಬಿಡದೆ. "ಬೇಗ ಮುಗಿಸು."

ಬೇಗ ಮುಗಿಯಬೇಕಾದ ಕಾರಣವೂ ಇತ್ತು. ಹೀರೋನ ತಮ್ಮ, ಎಲ್ಲರೂ ಚಿಕ್ಕ ಸಾರ್ ಎನ್ನುವವರು, ಮೊದಲೇ ಹೇಳಿದ್ದರು: ದೇಹ ಬರುವ ಮೊದಲು ಕಂಬ ಹಿಂಬಾಗಿಲಿನಿಂದ ಹೊರಟುಬಿಡಬೇಕು. ಹಿಂದಿನಿಂದ ನೋಡಿದರೆ ಅಣ್ಣನೇ. ಇವತ್ತು ಜನರ ಕಣ್ಣಿಗೆ ಬಿದ್ದರೆ ಏನಾಗುತ್ತದೋ ಹೇಳಲಾಗದು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಕಂಬ ಒಂದೇ ಒಂದು ನಿಮಿಷ ಕೇಳಿದ್ದ, ಜನರಿಗೆ ಬಾಗಿಲು ತೆರೆಯುವ ಮುಂಚೆ, ದೇಹದ ಹತ್ತಿರ. ಆಸ್ಪತ್ರೆಯಲ್ಲಿ ಮನೆಯವರನ್ನಲ್ಲದೆ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಅವನು ರಾತ್ರಿಗಳನ್ನೆಲ್ಲ ಕೆಳಗಿನ ಬೆಂಚಿನ ಮೇಲೆ ಕಳೆದಿದ್ದ. ಗಲಾಟೆ ಇಲ್ಲದಿದ್ದರೆ ಒಂದು ನಿಮಿಷ ಎಂದು ಚಿಕ್ಕ ಸಾರ್ ಒಪ್ಪಿದ್ದರು.

ಗೇಟಿನಾಚೆ ಜನ ಕಡಲಿನಂತೆ ಮೊರೆಯುತ್ತಿದ್ದರು. ದೀಪದ ಶಾಖ ಹಿತವಾಗಿತ್ತು. ನಿದ್ದೆಗೆಟ್ಟ ಕಂಬನ ಕಣ್ಣು ನಿಜವಾಗಿಯೇ ಹತ್ತಿತು.

*

ಸ್ಟುಡಿಯೋದ ಗೇಟಿಗೆ ಹೀರೋ, ಕಂಬ ಇಬ್ಬರೂ ಒಂದೇ ದಿನ ಬಂದವರು. ಒಬ್ಬ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುತ್ತಿದ್ದವನು, ಇನ್ನೊಬ್ಬ ಬಾಗಿಲು ಕಿಟಕಿಗೆ ಬಣ್ಣ ಬಳಿಯುತ್ತಿದ್ದವನು. ಒಂದೇ ಎತ್ತರದ ಇಬ್ಬರು ಬೇಕಾಗಿತ್ತು, ಇಬ್ಬರೂ ಸಿಕ್ಕರು. ಬಟ್ಟೆ ಅಂಗಡಿಯವನಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ, ಬಣ್ಣದವನಿಗೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಯಾರು ಏನಾಗಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು.

ಮೊದಲ ದೃಶ್ಯ ಒಂದು ಕುರ್ಚಿಯದು. ದೀಪ ಹೊಂದಿಸುವವರೆಗೆ ಕಂಬ ಆ ಕುರ್ಚಿಯಲ್ಲಿ ಬೆವರಿಳಿಸಿಕೊಂಡು ಕೂತಿದ್ದ. ಆಮೇಲೆ ಹೀರೋ ಬಂದ. ಹೆದರಿ, ತನ್ನ ಮಾತುಗಳನ್ನು ಬಾಯಲ್ಲೇ ಗೊಣಗಿಕೊಳ್ಳುತ್ತಿದ್ದ. ಕೂತವನೇ ಚೇಳು ಕುಟುಕಿದಂತೆ ಎದ್ದ.

"ಏನೋ ಇದು, ಇಷ್ಟು ಬಿಸಿ ಮಾಡಿಟ್ಟಿದೀಯ?"

ಸೆಟ್ಟಿಗೆ ಸೆಟ್ಟೇ ನಕ್ಕಿತು. ಹೀರೋ ತಾನೂ ನಕ್ಕ, ಹೆದರಿಕೆ ಬಿಟ್ಟುಹೋಯಿತು, ಆ ದೃಶ್ಯ ಒಂದೇ ಸಲಕ್ಕೆ ಸರಿಯಾಯಿತು. ಅಂದಿನಿಂದ ಅದೊಂದು ವಾಡಿಕೆ. ಜಾಗ ಬದಲಿಸುವಾಗ ಹೀರೋ ಕಂಬನ ಭುಜ ತಟ್ಟಿ, "ಬಿಸಿ ಮಾಡಿಟ್ಟಿದೀಯೇನೋ?" ಎನ್ನಬೇಕು. ಇವನು, "ಮಾಡಿಟ್ಟಿದೀನಿ, ಬನ್ನಿ," ಎನ್ನಬೇಕು. ಅದಾಗದೆ ಕ್ಯಾಮೆರಾ ಓಡುವಂತಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಕಾರ್ಖಾನೆಯ ಕೂಲಿಯಾಗಿ ಹೀರೋ ಮಾಲೀಕನ ಮೇಜು ಎತ್ತಿ ಬಿಸಾಕಿದ ಚಿತ್ರ ಬಂದದ್ದೇ ತಡ, ಹಿಂದಿ ಸಿನಿಮಾ ನೋಡುವವರೆಲ್ಲ ಅವನಿಗೆ ಮರುಳಾದರು. ಭಾಷೆ ಬಾರದವರೂ ಹೋಗಿ ಕೂತರು. ಕ್ಷೌರದಂಗಡಿಗಳಲ್ಲಿ ಅವನ ತಲೆಯ ಚಿತ್ರ ತೋರಿಸಿ ಇದೇ ಥರ ಬೇಕು ಎಂದರು. ಚಿತ್ರದಲ್ಲಿ ಅವನು ಸತ್ತರೆ ಬೆಂಚು ಮುರಿದರು. ಅದಕ್ಕೆಂದೇ ನಿರ್ಮಾಪಕರು ಅವನನ್ನು ಮತ್ತೆ ಮತ್ತೆ ಸಾಯಿಸಿದರು. ಹೊಳೆದಂಡೆಯಲ್ಲಿ, ರೈಲಿನಡಿ, ತಾಯಿಯ ತೊಡೆಯ ಮೇಲೆ, ಎಲ್ಲ ಕಡೆ ಮೊದಲು ಹೋಗಿ ಮಲಗಿದವನು ಕಂಬ.

"ನನ್ನ ಸಾವನ್ನೆಲ್ಲ ನೀನೇ ಮೊದಲು ಸತ್ತು ನೋಡ್ತೀಯ," ಎನ್ನುತ್ತಿದ್ದ ಹೀರೋ. "ಹೇಗಿದೆ ಹೇಳು."

"ಬೆನ್ನಿಗೆ ಕಲ್ಲು ಚುಚ್ಚುತ್ತೆ ಸಾರ್. ಎಡಕ್ಕೆ ಹೊರಳಿ ಸಾಯಿರಿ."

*

ದೀಪದ ಬಲ್ಬು ಡಬ್ಬೆಂದು ಒಡೆಯಿತು. ಕಂಬ ಬೆಚ್ಚಿಬಿದ್ದು, ಹಾಸಿಗೆಯ ಮೇಲೆ ನೆಟ್ಟಗೆ ಎದ್ದು ಕೂತ.

ಒಂದು ಕ್ಷಣ ಹೊರಗಿನ ಮೊರೆತ ಪೂರ್ತಿ ನಿಂತಿತು. ಅವನು ತಲೆ ತಿರುಗಿಸಿ ಕಿಟಕಿಯ ಕಡೆ ನೋಡಿದ. ಕಾಂಪೌಂಡ್ ಗೋಡೆಯ ಮೇಲೆ, ಮರದ ಕೊಂಬೆಗಳ ಮೇಲೆ, ಎದುರುಮನೆಯ ತಾರಸಿಯಲ್ಲಿ ಸಾಲುಸಾಲಾಗಿ ಕೂತಿದ್ದವರೆಲ್ಲ ಬಾಯಿ ತೆರೆದು ಇವನನ್ನೇ ನೋಡುತ್ತಿದ್ದರು. ಮರುಕ್ಷಣ ಎಂಥ ಕೂಗು ಎದ್ದಿತೆಂದರೆ, ಕಿಟಕಿಯ ಗಾಜು ಗಡಗಡ ನಡುಗಿತು.

"ಎದ್ದರು! ಎದ್ದು ಕೂತರು!"

ಮೋಡಣ್ಣ ಓಡಿಹೋಗಿ ಪರದೆ ಎಳೆದ. ಅದು ಇನ್ನೂ ಕೆಡಿಸಿತು. ಏನೋ ಮುಚ್ಚಿಡುತ್ತಿದ್ದಾರೆ ಎಂದಾಯಿತು. ಮಾತು ಬೀದಿಯುದ್ದಕ್ಕೂ ಹರಿಯಿತು. ಅಳುತ್ತಿದ್ದವರು ಪಕ್ಕದವರನ್ನು ತಬ್ಬಿಕೊಂಡರು. ಶವಕ್ಕೆಂದು ತಂದ ಹೂವನ್ನು ಒಬ್ಬರ ಮೇಲೊಬ್ಬರು ಎರಚಿಕೊಂಡರು. ಎಲ್ಲಿಂದಲೋ ಶಿಳ್ಳೆ, ಎಲ್ಲಿಂದಲೋ ಹಾಡು. ಕಾಯಿಲೆಯನ್ನು ಗೆದ್ದು ಬಂದ ಸಿಂಹ ಎಂದು ಟೀವಿಯವನೊಬ್ಬ ಆಗಲೇ ಶುರು ಮಾಡಿದ್ದ.

ಫೋನು ಹಿಡಿದುಕೊಂಡೇ ಚಿಕ್ಕ ಸಾರ್ ಒಳಗೆ ನುಗ್ಗಿದರು. ವ್ಯಾನು ಬೀದಿಯ ತುದಿಗೆ ಬಂದು ಸಿಕ್ಕಿಕೊಂಡಿತ್ತು. ಹೀರೋ ಎದ್ದಿರುವಾಗ ಈ ವ್ಯಾನು ಯಾರದು, ತಿರುಗಿಸಿಕೊಂಡು ಹೋಗು ಎಂದು ಜನ ಅದನ್ನು ಬಡಿಯುತ್ತಿದ್ದರು. ಒಳಗೆ ಅತ್ತಿಗೆ, ಹೀರೋನ ಹೆಂಡತಿ, ದೇಹದ ಕೈ ಹಿಡಿದುಕೊಂಡು ಕೂತಿದ್ದರು. ಅಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಅವರು ಕಂಬನ ಕಡೆ ತಿರುಗಿದರು. ಧ್ವನಿ ಎತ್ತಲಿಲ್ಲ.

"ಬದುಕಿಡೀ ಒಂದು ನೆರಳು ಕೂಡ ಬಿಡದ ಹಾಗೆ ಸರೀತಿದ್ದೆಯಲ್ಲಪ್ಪ. ಇವತ್ತೇ ಸಿಕ್ಕಿಬೀಳಬೇಕಿತ್ತಾ? ಹೋಗು. ಹಿಂಬಾಗಿಲಿಂದ ಈಗಲೇ ಹೋಗು."

ಒಂದು ನಿಮಿಷದ ಮಾತು ಅಲ್ಲಿಗೆ ಮುಗಿದಂತಾಯಿತು.

ಕಂಬ ಹಿಂಬಾಗಿಲಿನ ತನಕ ಹೋದ. ಚಿಲಕದ ಮೇಲೆ ಕೈಯಿಟ್ಟ.

*

ಚಿತ್ರಗಳು ಒಂದರ ಹಿಂದೊಂದು ಮಕಾಡೆ ಮಲಗಿದ ಕಾಲವೂ ಇತ್ತು. ಒಮ್ಮೆ ದೀಪವೆಲ್ಲ ಸಿದ್ಧವಾಗಿ ನಿರ್ದೇಶಕ ಕರೆದರೆ ಹೀರೋ ಬರಲಿಲ್ಲ. ಸೆಟ್ಟಿನ ಹಲಗೆಯ ಹಿಂದೆ, ಕತ್ತಲಲ್ಲಿ, ಮುಖ ಮುಚ್ಚಿಕೊಂಡು ಕೂತಿದ್ದುದನ್ನು ಕಂಬ ಒಬ್ಬನೇ ನೋಡಿದ್ದ. ಯಾರಾದರೂ ಹುಡುಕಿಕೊಂಡು ಹೋದರೆ ಮಾನ ಹೋಗುತ್ತದೆ. ಆದ್ದರಿಂದ ಕಂಬ ನೆರಳು ಸರಿಯಿಲ್ಲ ನೋಡು ಎಂದು ಮೋಡಣ್ಣನಿಗೆ ಕಣ್ಸನ್ನೆ ಮಾಡಿದ. ಅರ್ಥ ಮಾಡಿಕೊಂಡ ಮೋಡಣ್ಣ ಸರಿಯಿದ್ದ ದೀಪವನ್ನೇ ಕೆಡಿಸಿ ಕೆಡಿಸಿ ಹೊಂದಿಸಿದ. ಕಂಬ ಆ ಸುಡುವ ಬೆಳಕಿನಲ್ಲಿ ಬೂಟಿನೊಳಗೆ ಬೆವರು ಇಳಿಯುವ ತನಕ ನಿಂತೇ ಇದ್ದ.

ಕೊನೆಗೆ ಭುಜದ ಮೇಲೆ ಕೈ ಬಿತ್ತು.

"ಎಷ್ಟೊತ್ತು ನಿಲ್ತೀಯೋ, ಸುಟ್ಟುಹೋಗ್ತೀಯ."

"ನೀವು ಬರೋ ತನಕ ನಿಲ್ಲೋದೇ ಅಲ್ವಾ ಸಾರ್ ನನ್ನ ಕೆಲಸ?"

ಆ ಚಿತ್ರವೂ ಬಿತ್ತು. ಅದರ ಮುಂದಿನದು ಎದ್ದಿತು.

*

ಕಂಬ ಚಿಲಕ ಬಿಟ್ಟ. ಹಿಂದಿರುಗಿ, ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಬಾಲ್ಕನಿಗೆ ಹೋದ. ರಜೆಯ ದಿನ ಹೀರೋ ನಿಂತು ಕೈಬೀಸುತ್ತಿದ್ದ ಬಾಲ್ಕನಿ ಅದು. ನನ್ನ ಮುಖ ನೋಡಲಿ, ತಿಳಿದುಕೊಳ್ಳಲಿ ಎಂಬುದು ಅವನ ಲೆಕ್ಕ.

ಲೆಕ್ಕ ತಪ್ಪಿತು. ಅಷ್ಟು ದೂರದಿಂದ ಕಾಣುವುದು ಮುಖವಲ್ಲ, ನಿಲುವು. ಬೀದಿಗೆ ಬೀದಿಯೇ ಎದ್ದು ಕುಣಿಯಿತು. ಅಷ್ಟು ಕೈಗಳು ಒಟ್ಟಿಗೆ ಮೇಲೆದ್ದುದನ್ನು ಅವನು ಜೀವಮಾನದಲ್ಲಿ ಎದುರಿನಿಂದ ನೋಡಿರಲಿಲ್ಲ. ಯಾವಾಗಲೂ ಪರದೆಯ ಹಿಂದಿನಿಂದ ಕೇಳಿದ್ದಷ್ಟೆ. ಬಲಗೈ ತಾನಾಗಿಯೇ ಸೊಂಟದ ತನಕ ಎದ್ದಿತು. ಹೇಗೆ ಬೀಸಬೇಕೆಂಬುದು ಆ ಕೈಗೆ ಬಾಯಿಪಾಠವಾಗಿತ್ತು. ಒಂದು ಸಲ ಬೀಸಿಬಿಟ್ಟರೆ ಇವರೆಲ್ಲ ಸುಖವಾಗಿ ಮನೆಗೆ ಹೋಗುತ್ತಾರೆ ಎನಿಸಿತು. ಆಗ ಬೀದಿಯ ತುದಿಯಲ್ಲಿ, ಆ ಕುಣಿತದ ನಡುವೆ ಅಲುಗಾಡುತ್ತ ನಿಂತ ವ್ಯಾನಿನ ಬಿಳಿಯ ನೆತ್ತಿ ಕಾಣಿಸಿತು.

ಅವನು ಕೈ ಇಳಿಸಿದ. ಕೆಳಗಿಳಿದು, ಮುಂಬಾಗಿಲಿನಿಂದಲೇ ಹೊರಬಿದ್ದು, ನೇರ ಗೇಟಿಗೆ ನಡೆದ. ಹಿಂದಿನಿಂದ ಮೋಡಣ್ಣ ಕೂಗುತ್ತಿದ್ದ, ನಿನ್ನನ್ನು ಹರಿದುಹಾಕ್ತಾರೆ ಕಣೋ ಎಂದು. ಕಾವಲಿನವನು ಗಾಬರಿಯಿಂದ ಗೇಟು ತೆರೆದ.

ಎದುರಿಗೆ ಪಾಳಿ ಮುಗಿಸಿ ಉಡುಪು ಕೂಡ ಬದಲಿಸದೆ ಬಂದಿದ್ದ ಒಬ್ಬ ನರ್ಸು ನಿಂತಿದ್ದಳು. ನಗುತ್ತ ಕೈಚಾಚಿದವಳು ಅವನ ಮುಖವನ್ನು ಹತ್ತಿರದಿಂದ ಕಂಡಳು: ಸಿಡುಬಿನ ಕಲೆಯ ಕೆನ್ನೆ, ಚಪ್ಪಟೆ ಮೂಗು. ಚಾಚಿದ ಕೈ ಹಾಗೆಯೇ ನಿಂತಿತು.

"ನೀವು ಅವರಲ್ಲ," ಎಂದಳು.

"ಅಲ್ಲಮ್ಮ."

"ಹಾಗಾದ್ರೆ ಒಳಗೆ ಎದ್ದು ಕೂತಿದ್ದು?"

"ನಾನೇ. ಅವರು ಆ ವ್ಯಾನಲ್ಲಿದ್ದಾರೆ. ಪಕ್ಕದಲ್ಲಿ ಹೆಂಡತಿ ಕೂತಿದ್ದಾರೆ. ಒಂಚೂರು ದಾರಿ ಬಿಡಿಸಿಕೊಡಮ್ಮ."

ಅವಳು ವ್ಯಾನಿನ ಕಡೆ ನೋಡಿದಳು. ಬೈಯಲಿಲ್ಲ. ತಿರುಗಿ ಹಿಂದಿದ್ದವನ ಕಿವಿಯಲ್ಲಿ ಏನೋ ಹೇಳಿದಳು, ಅವನು ತನ್ನ ಹಿಂದಿನವನಿಗೆ ಹೇಳಿದ. ಹಾಡು ಗೇಟಿನ ಕಡೆಯಿಂದ ಶುರುವಾಗಿ ಸಾಲುಸಾಲಾಗಿ ಆರುತ್ತ ಹೋಯಿತು. ಯಾರೋ ಒಬ್ಬ ಕಂಬನ ಅಂಗಿ ಹಿಡಿದು ಜಗ್ಗಿದ. ನರ್ಸು ಅವನ ಕೈ ಬಿಡಿಸಿದಳು. ಬೀದಿ ನಡುವೆ ಬಾಯಿಬಿಟ್ಟಿತು. ವ್ಯಾನು ಮೆಲ್ಲಗೆ ಒಳಗೆ ಬಂತು.

ಕಂಬ ಅದರ ಜೊತೆ ಮೆಟ್ಟಿಲಿನ ತನಕ ನಡೆದು, ಅಲ್ಲಿಂದ ಹಿಂಬಾಗಿಲಿನ ಕಡೆ ತಿರುಗಿದ. ಗಲಾಟೆಯಾಗಿಹೋಗಿತ್ತು; ಒಪ್ಪಿದ ಮಾತು ಮಾತು.

"ಎಲ್ಲಿಗೆ ಹೊರಟೆ?" ಎಂದರು ಅತ್ತಿಗೆ, ವ್ಯಾನಿನಿಂದ ಇಳಿಯುತ್ತ. ಅವರನ್ನು ಮೇಡಂ ಎನ್ನಬೇಡ, ಅತ್ತಿಗೆ ಎನ್ನು ಎಂದು ಹೀರೋ ಹೇಳಿಕೊಟ್ಟಿದ್ದ.

"ಚಿಕ್ಕ ಸಾರ್ ಹೇಳಿದ್ದಾರೆ, ಅತ್ತಿಗೆ."

"ಎದ್ದರು ಅಂತ ಕೂಗಿದ್ರಲ್ಲ, ಒಂದು ಕ್ಷಣ ನಾನೂ ತಿರುಗಿ ಅವರ ಮುಖ ನೋಡಿಬಿಟ್ಟೆ ಕಣೋ." ಅವರು ಕಣ್ಣೊರೆಸಿಕೊಂಡರು. "ಇರು. ಲೈಟು ಸರಿ ಇದೆಯಾ ಅಂತ ಇನ್ಯಾರು ನೋಡ್ತಾರೆ?"

ಚಿಕ್ಕ ಸಾರ್ ದೇಹದ ತಲೆಯ ಕಡೆ ತಾವು ಹಿಡಿದು, ಕಾಲಿನ ಕಡೆ ಹಿಡಿಯಲು ಕಂಬನಿಗೆ ಕಣ್ಣಿನಲ್ಲೇ ಸೂಚಿಸಿದರು.

ಹತ್ತಿಯ ಹಾಸಿಗೆಯಲ್ಲಿ ಕಂಬ ಮಲಗಿದ್ದ ತಗ್ಗು ಹಾಗೆಯೇ ಉಳಿದಿತ್ತು. ತಲೆಯದು ದಿಂಬಿನ ಮಧ್ಯಕ್ಕೆ, ಹಿಮ್ಮಡಿಯದು ಕೆಳಗೆ. ಸರಿಪಡಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ದೇಹವನ್ನು ಇಳಿಸಿದಾಗ ಅದು ಆ ತಗ್ಗಿನಲ್ಲಿ ಭುಜಕ್ಕೆ ಭುಜ, ಹಿಮ್ಮಡಿಗೆ ಹಿಮ್ಮಡಿ ಕೂತಿತು. ಮೋಡಣ್ಣ ಹೊಸ ಬಲ್ಬು ಹೊತ್ತಿಸಿದ. ಬಾಡಿದ ಮುಖದ ಮೇಲೆ ಹದವಾದ ಬೆಳಕು ಬಿತ್ತು.

ಕಂಬ ಬಗ್ಗಿ ಆ ಭುಜ ತಟ್ಟಿದ.

"ಬಿಸಿ ಮಾಡಿಟ್ಟಿದೀನಿ, ಬನ್ನಿ," ಎಂದ. ಆಮೇಲೆ, ಬೆಳಕಿನಿಂದ ಆಚೆ ಸರಿಯಲು ಎಂದೂ ತಡ ಮಾಡದವನು, ಅಲ್ಲಿಯೇ ನಿಂತ.

ಬಾಗಿಲು ತೆರೆದರು. ಆ ದಿನ ಒಳಗೆ ಬಂದ ಅಷ್ಟು ಜನರಲ್ಲಿ ಅವನು ಯಾರೆಂದು ಎಷ್ಟು ಮಂದಿಗೆ ಗೊತ್ತಾಯಿತೋ, ತಿಳಿಯದು.