ಮನಿ ಎಂಬ ಬೆಕ್ಕು

ಪಾರ್ಶ್ವವಾಯು ಬಡಿದ ಮೇಲೆ ಸಂಗವ್ವನ ಬಾಯಲ್ಲಿ ಉಳಿದದ್ದು ಒಂದೇ ಶಬ್ದ: ಮನಿ.

ಖಾನಾಪುರದ ಕನ್ನಡ ಶಾಲೆಯಲ್ಲಿ ತಲೆ ನರೆಯುವವರೆಗೆ ಮಕ್ಕಳಿಗೆ ಅಕ್ಷರ ತಿದ್ದಿಸಿದ ಅಕ್ಕೋರು ಅವಳು. ಈಗ ನೀರು ಬೇಕಾದರೆ ಎಡಗೈಯಿಂದ ತಂಬಿಗೆಯನ್ನು ತೋರಿಸುತ್ತಿದ್ದಳು. ನೋವಾದರೆ ಬಲಗಾಲನ್ನು ಮುಟ್ಟಿ ತೋರಿಸುತ್ತಿದ್ದಳು. ಆದರೆ ದಿನದಲ್ಲಿ ಹಲವು ಸಲ, ಯಾವ ವಸ್ತುವಿನ ಕಡೆಗೂ ಕೈ ಮಾಡದೆ, ಬಾಗಿಲನ್ನು ನೋಡುತ್ತ, "ಮನಿ" ಎನ್ನುತ್ತಿದ್ದಳು.

ಅವಳನ್ನು ಬೆಳಗಾವಿಯ ಹಿಂದವಾಡಿಗೆ ಕರೆತಂದವನು ಅಣ್ಣನ ಮಗ ಗುರುಪುತ್ರಪ್ಪ. ಆ ಶಬ್ದದ ಅರ್ಥದ ಬಗ್ಗೆ ಅವನಿಗಾಗಲಿ ಅವನ ಹೆಂಡತಿ ಕಾಂತಾಳಿಗಾಗಲಿ ಸಂದೇಹವಿರಲಿಲ್ಲ. ಅವರ ಮಾತಿನಲ್ಲಿ ಮನೆ ಎಂದರೆ ಮನಿ. ಆದರೆ ಹಿಂದಿರುಗಿ ಹೋಗಲು ಮನೆಯೇ ಇರಲಿಲ್ಲ. ಸಂಗವ್ವ ಒಬ್ಬಳೇ ಬಾಡಿಗೆಗೆ ಇದ್ದ ಎರಡು ಖೋಲಿಗಳನ್ನು, ಅವಳು ಆಸ್ಪತ್ರೆಯಲ್ಲಿದ್ದಾಗಲೇ, ಗುರುಪುತ್ರಪ್ಪ ತೆರವು ಮಾಡಿಕೊಟ್ಟಿದ್ದ. ಮಾಲೀಕ ಬಾಳಾಸಾಹೇಬರ ಮಗನಿಗೆ ಮದುವೆಯಾಗಿ, ಆ ಖೋಲಿಗಳಲ್ಲಿ ಈಗ ಹೊಸ ಸಂಸಾರ ಶುರುವಾಗಿತ್ತು. ಇದನ್ನು ಅವನು ಅತ್ತೆಗೆ ತಿಳಿಸಿರಲಿಲ್ಲ.

"ಎಷ್ಟ ದಿನಾ ಮುಚ್ಚಿಡ್ತೀರಿ?" ಎಂದಳು ಕಾಂತಾ. "ಖಾನಾಪುರದ ಮನಿಗೆ ಹೋಗ್ಬೇಕೇನ್ರಿ ಅಂತ ಒಂದ್ ಸಲ ಕೇಳಿಬಿಡ್ರಿ. ಹೌದು, ಅಲ್ಲ ಅಂತ ತಲಿ ಅಲ್ಲಾಡಸಾಕ ಬರ್ತೈತಿ ಅವರಿಗೆ."

"ಹೌದು ಅಂದ್ರ ಮುಂದೇನು ಮಾಡ್ಲಿ?"

ಸಂಗವ್ವನ ತಂಬಿಗೆಗೆ ನೀರು ತುಂಬಲು ಕಾಂತಾ ಒಳಗೆ ಹೋದಳು.

ಎಂಬತ್ಮೂರನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ, ಅಲ್ಲಿ ಉಳಿದಿದ್ದ ಒಂದು ಟ್ರಂಕನ್ನು ತರಲೆಂದು ಗುರುಪುತ್ರಪ್ಪ ಖಾನಾಪುರಕ್ಕೆ ಹೋದ. ಬಾಳಾಸಾಹೇಬರ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಒಳಗಿನಿಂದ ಅವರ ಹೆಂಡತಿ ಯಾರನ್ನೋ, "ಮನೀ, ಯೇ ಯೇ" ಎಂದು ಕರೆದದ್ದು ಕೇಳಿಸಿತು. ಮೆಟ್ಟಿಲ ಕೆಳಗಿನಿಂದ ಬೂದುಬಣ್ಣದ ಬೆಕ್ಕೊಂದು ಮೈಮುರಿಯುತ್ತ ಹೊರಬಂತು.

ಗುರುಪುತ್ರಪ್ಪ ಚಹಾದ ಬಸಿಯನ್ನು ಕೆಳಗಿಟ್ಟ. "ಏನಂತ ಕರದ್ರಿ ಅದನ್ನ?"

"ಮನಿ," ಎಂದರು ಬಾಳಾಸಾಹೇಬ. "ನಮ್ಮ ಮರಾಠಿ ಮಂದ್ಯಾಗ ಹೆಣ್ಣ ಬೆಕ್ಕಂದ್ರ ಬಹುತೇಕ ಮನೀನ. ಅಕ್ಕೋರು ಚ್ಯಾಷ್ಟಿ ಮಾಡೋರು. ಬೆಕ್ಕಿಗೇ ಮನಿ ಅಂದ್ರ ಮನಿಗೆ ಏನಂತೀರ್ರಿ ಅಂತ. ಖರೇ ಹೇಳ್ಬೇಕಂದ್ರ ಇದು ಅವರದ ಬೆಕ್ಕು. ಇವತ್ತಿಗೂ ಸಂಜಿಮುಂದ ಅವರ ಖೋಲಿ ಬಾಗಲಾಗ ಬಂದ ಕುಂದರತೈತಿ."

ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಭಾರವೊಂದು ಇಳಿದಂತೆ ಗುರುಪುತ್ರಪ್ಪನಿಗೆ ಅನಿಸಿತು. ಅತ್ತೆ ಕೇಳುತ್ತಿದ್ದುದು ಮನೆಯನ್ನಲ್ಲ, ಬೆಕ್ಕನ್ನು. ಮನೆಯನ್ನು ಕೊಡುವುದು ಅವನಿಂದಾಗುತ್ತಿರಲಿಲ್ಲ. ಬೆಕ್ಕನ್ನು ಕೊಡಬಹುದಿತ್ತು.

ಬಾಳಾಸಾಹೇಬರ ಹೆಂಡತಿ ಬೆಕ್ಕನ್ನು ಗೋಣಿಚೀಲಕ್ಕಿಳಿಸಿ, ಬಾಯಿ ಕಟ್ಟಿ, ಅಂಗಳದಲ್ಲಿ ಚೀಲವನ್ನು ಮೂರು ಸುತ್ತು ತಿರುಗಿಸಿದರು. "ಹಾದಿ ಮರೀಬೇಕಲ್ರಿ, ಇಲ್ಲಾಂದ್ರ ತಿರುಗಿ ಬಂದಬಿಡತೈತಿ." ಸಂಗವ್ವನೂ ಬೆಳಗಾವಿಗೆ ಬಂದದ್ದು ಜೀಪಿನಲ್ಲಿ ಅಂಗಾತ ಮಲಗಿಕೊಂಡೇ, ಮಳೆಗೆಂದು ಸುತ್ತ ತಾಡಪತ್ರಿ ಇಳಿಬಿಟ್ಟಿದ್ದರು. ಅವಳೂ ಹಾದಿಯನ್ನು ನೋಡಿರಲಿಲ್ಲ.

ಬಸ್ಸು ಪೀರನವಾಡಿ ದಾಟುವಾಗ ಚೀಲ ಅಳತೊಡಗಿತು. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರಿ ಇದರಾಗ?"

"ಬೆಕ್ಕು."

"ದನಿ ನೋಡಿದ್ರ ಅರ್ಧಾ ತಿಕೀಟಿನ ಕೂಸು ಇದ್ದಂಗೈತಿ."

ಬಸ್ಸಿನ ಮಂದಿ ನಕ್ಕರು. ಗುರುಪುತ್ರಪ್ಪನೂ ನಕ್ಕ.

ಹಿಂದವಾಡಿಯ ಮನೆಯಲ್ಲಿ ಚೀಲದ ಬಾಯಿ ಬಿಚ್ಚಿದೊಡನೆ ಬೆಕ್ಕು ನೆಲ ಮುಟ್ಟದೆಯೇ ಓಡಿದಂತೆ ಓಡಿ, ರೇಡಿಯೋದ ಹಿಂದೆ ಸೇರಿತು. ಸಂಜೆ ವಾರ್ತೆಗೆಂದು ರೇಡಿಯೋ ಹಚ್ಚಿದಾಗ ಮೊದಲು ಬೆದರಿತು. ಪೆಟ್ಟಿಗೆ ಬೆಚ್ಚಗಾಗುವುದು ತಿಳಿದ ಮೇಲೆ ಅದರ ಮೇಲೇರಿ ಮಲಗಿ, ಬಾಲವನ್ನು ಮುಳ್ಳಿನ ಗಾಜಿನ ಮುಂದೆ ಇಳಿಬಿಟ್ಟಿತು. ಅಂದಿನಿಂದ ಯಾವ ಕೇಂದ್ರ ಬೇಕಾದರೂ ಬಾಲವನ್ನು ಎತ್ತಿಯೇ ಹುಡುಕಬೇಕಾಯಿತು. ಬಾಳಾಸಾಹೇಬರ ಮನೆಯಲ್ಲಿ ಒಣಮೀನಿನ ರುಚಿ ಕಂಡಿದ್ದ ಅದು ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಮೂಸಿ, ಮುಂಗಾಲಿನಿಂದ ನೆಲ ಕೆರೆದು, ಇಲ್ಲದ ಮಣ್ಣನ್ನು ಅದರ ಮೇಲೆ ಮುಚ್ಚುವ ಪ್ರಯತ್ನ ಮಾಡಿತು.

"ಲಿಂಗವಂತರ ಮನಿಗೆ ಬಂದೀ ಅವ್ವಾ, ಇಲ್ಲಿ ಇದ ಸಿಗೂದು," ಎಂದಳು ಕಾಂತಾ. ಮರುದಿನ ಅದು ದೇವರ ಜಗುಲಿಯ ಮೇಲಿನ ವಿಭೂತಿ ಬಟ್ಟಲನ್ನು ಉರುಳಿಸಿ, ಹಣೆಯೆಲ್ಲ ಬಿಳಿ ಮಾಡಿಕೊಂಡು ಎದ್ದಿತು. ಕಾಂತಾ ಗಂಡನನ್ನು ಕೂಗಿ ಕರೆದಳು. "ಬರ್ರಿ ಇಲ್ಲಿ. ಇಕೀಗೆ ದೀಕ್ಷಾ ಆತು ನೋಡ್ರಿ."

ಮಂಚದ ಮೇಲಿದ್ದ ಸಂಗವ್ವ ಬಾಯಿಯ ಒಂದು ಬದಿಯಿಂದ ನಕ್ಕಳು. ಬೆಕ್ಕು ಅವಳ ಬಲಗೈಯ ಮೇಲೆ ತಲೆಯಿಟ್ಟಿತು. ಜೀವವಿಲ್ಲದ ಆ ಕೈಗೆ ಅದು ತಿಳಿಯಲಿಲ್ಲ. ಎಡಗೈ ನಿಧಾನವಾಗಿ ದಾಟಿಬಂದು ಅದರ ಕಿವಿಯನ್ನು ತುರಿಸಿತು. ಗುರುಪುತ್ರಪ್ಪ ಬಾಗಿಲಲ್ಲಿ ನಿಂತು ನೋಡಿದ. ಅವಳ ಬಾಯಿಯ ಆ ಶಬ್ದ ನಿಂತಿತ್ತು.

ಅದು ಮತ್ತೆ ಕೇಳಿಸುವವರೆಗೆ ವಾರವೂ ಆಗಲಿಲ್ಲ. ಮಧ್ಯಾಹ್ನ ಸಂಗವ್ವ ಬಾಗಿಲನ್ನು ನೋಡುತ್ತ, "ಮನಿ" ಎಂದಳು. ರೇಡಿಯೋದ ಮೇಲೆ ಮಲಗಿದ್ದ ಬೆಕ್ಕು ತನ್ನ ಹೆಸರು ಕೇಳಿ ಧುಮುಕಿ, ಓಡಿಬಂದು, ಮಂಚದ ಮೇಲೇರಿತು. ಸಂಗವ್ವ ಅದನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದಳು. "ಮನಿ." ಸರಿದ ಬೆಕ್ಕು ಮತ್ತೆ ಬಂತು. ಅವಳು ಮತ್ತೆ ಸರಿಸಿದಳು, ಮತ್ತೆ ಅಂದಳು. ಅದು ಮತ್ತೆ ಬಂತು. ಕಾಂತಾ ಮೊದಲು ನಕ್ಕಳು. ಆಮೇಲೆ ಅವಳ ನಗು ನಿಂತಿತು. ಸಂಗವ್ವ ಅದನ್ನು ತಳ್ಳುತ್ತಿದ್ದ ರೀತಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲನ್ನು ಮರೆಮಾಡುತ್ತಿದ್ದ ಬೆಕ್ಕನ್ನು ಆಚೆ ಮಾಡುತ್ತಿದ್ದಳು, ಅಷ್ಟೆ.

ಸಂಜೆ ಗುರುಪುತ್ರಪ್ಪ ಬಂದಾಗಲೂ ಅದೇ ನಡೆದಿತ್ತು. ಎಷ್ಟು ಸಲ ಕರೆದರೂ ಆ ಶಬ್ದಕ್ಕೆ ಓಗೊಡುತ್ತಿದ್ದುದು ಬೆಕ್ಕು ಮಾತ್ರ.

"ಇನ್ನರ ಕೇಳ್ರಿ," ಎಂದಳು ಕಾಂತಾ.

ಅವನು ಮಂಚದ ಅಂಚಿನಲ್ಲಿ ಕುಳಿತ. "ಅತ್ತಿ, ನೀ ಕೇಳೂದು ಬೆಕ್ಕೇನು?"

ಸಂಗವ್ವ ಅಲ್ಲವೆಂದು ತಲೆ ಅಲ್ಲಾಡಿಸಿದಳು.

"ಖಾನಾಪುರದ ಮನಿ?"

ತಪ್ಪೇ ಹೇಳುತ್ತಿದ್ದ ಹುಡುಗ ಕೊನೆಗೆ ಸರಿ ಉತ್ತರ ಕೊಟ್ಟಾಗ ಅಕ್ಕೋರ ಮುಖ ಹೀಗೆಯೇ ಬೆಳಗುತ್ತಿದ್ದಿರಬೇಕು. ಅವಳು ತಲೆದೂಗಿದಳು. ಎಡಗೈಯಿಂದ ಅವನ ತೋಳು ಹಿಡಿದು, ಈಗಲೇ ಎಬ್ಬಿಸು ಎಂಬಂತೆ ಜಗ್ಗಿದಳು.

"ಆ ಖೋಲಿ ಬಿಟ್ಟಕೊಟ್ಟೀನಿ ಅತ್ತಿ," ಎಂದ ಗುರುಪುತ್ರಪ್ಪ. "ನೀ ದವಾಖಾನ್ಯಾಗ ಇದ್ದಾಗನ. ಬಾಳಾಸಾಹೇಬರ ಮಗಾ ಸೊಸಿ ಅದಾರ ಅಲ್ಲೀಗ. ಆ ಮನಿ ಇಲ್ಲ."

ತೋಳನ್ನು ಹಿಡಿದಿದ್ದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಸಡಿಲವಾಯಿತು. ಸಂಗವ್ವ ಅಳಲಿಲ್ಲ. ಅದೇ ಕೈಯಿಂದ ಸೆರಗನ್ನು ಎಳೆದು ಸರಿಮಾಡಿಕೊಂಡಳು.

ಆ ಶಬ್ದವನ್ನು ಅವಳು ಮತ್ತೆ ಆಡಲಿಲ್ಲ. ನೀರಿಗೆ ತಂಬಿಗೆಯನ್ನು ತೋರಿಸುವುದೂ ಕಡಿಮೆಯಾಯಿತು, ಕೊಟ್ಟರೆ ಕುಡಿಯುತ್ತಿದ್ದಳು. ಬಂದು ನೋಡಿದ ಡಾಕ್ಟರು ಹೊಸದಾಗಿ ಏನೂ ಆಗಿಲ್ಲ, ನಾಡಿ ಚೆನ್ನಾಗಿದೆ ಎಂದರು. ಸಂಜೆಯ ಹೊತ್ತಿಗೆ ಬೆಕ್ಕು ಮಂಚದ ಕೆಳಗೆ ಬಂದು ಕುಳಿತು, ತಲೆಯೆತ್ತಿ ಅವಳ ಬಾಯಿಯನ್ನೇ ನೋಡುತ್ತಿತ್ತು. ಬಹಳ ಹೊತ್ತು ಕಾದು, ಎದ್ದು ಹೋಗುತ್ತಿತ್ತು.

ಒಂದು ದಿನ ಕಾಂತಾ ಹಾಲಿನ ಬಟ್ಟಲನ್ನು ಇಟ್ಟು, ಸಂಗವ್ವನಿಗೆ ಕೇಳಿಸುತ್ತದೆಂಬುದನ್ನು ಮರೆತು, "ಮನಿ, ಬಾ" ಎಂದು ಕರೆದಳು. ಬೆಕ್ಕು ಓಡಿಬಂತು. ಮಂಚದ ಮೇಲೆ ಸಂಗವ್ವ ಕಷ್ಟಪಟ್ಟು ಮೈ ಹೊರಳಿಸಿ ಗೋಡೆಯ ಕಡೆಗೆ ಮುಖ ಮಾಡಿದಳು.

ಮರುದಿನದಿಂದ ಕಾಂತಾ ಬೆಕ್ಕನ್ನು ಕರೆಯಲು ಬಟ್ಟಲಿನ ಅಂಚಿಗೆ ಚಮಚದಿಂದ ಬಡಿಯತೊಡಗಿದಳು. ಬೆಕ್ಕು ಅದಕ್ಕೂ ಒಗ್ಗಿಕೊಂಡಿತು.